ಡಿಸ್ಚಾರ್ಜ್ ಆದ ಮೇಲೂ ಒಂದು ಚಿಕಿತ್ಸೆ ಇದೆ



ಸಂಘದ ವೈದ್ಯಕೀಯ ನೆರವು ಎಂದರೆ ಆಪರೇಷನ್, ಔಷಧಿ, ಆಸ್ಪತ್ರೆ ಬಿಲ್ಲು ಎಂದೇ ನಮ್ಮೆಲ್ಲರ ಲೆಕ್ಕ. ಆಕ್ಯುಪೇಷನಲ್ ಥೆರಪಿಗೂ ನೆರವು ಬೇಕಾಗುತ್ತದೆ ಎಂಬುದು ಎಷ್ಟೋ ಮನೆಗಳಿಗೆ ತಿಳಿದಿಲ್ಲ.

ಇಲ್ಲಿ ‘ಆಕ್ಯುಪೇಷನ್’ ಎಂದರೆ ಬರೀ ನೌಕರಿಯಲ್ಲ. ಸ್ನಾನ, ಬಟ್ಟೆ ತೊಡುವುದು, ಊಟ, ಅಡುಗೆ, ಬರವಣಿಗೆ, ಮಕ್ಕಳ ಆಟಪಾಠ ಎಲ್ಲವೂ ಸೇರುತ್ತವೆ. ಕಾಯಿಲೆಯಿಂದಲೋ ಅಪಘಾತದಿಂದಲೋ ಇವು ಕಷ್ಟವಾದಾಗ ಮತ್ತೆ ಕಲಿಸುವುದೇ ಈ ಚಿಕಿತ್ಸೆ. ಫಿಸಿಯೋಥೆರಪಿ ಮುಖ್ಯವಾಗಿ ಕೈಕಾಲಿನ ಬಲ, ಚಲನೆಯನ್ನು ಗಮನಿಸುತ್ತದೆ. ಆ ಕೈಯಿಂದ ರೊಟ್ಟಿ ಮುರಿಯಲು, ಗುಂಡಿ ಹಾಕಲು ಆಗುತ್ತದೆಯೇ ಎಂದು ನೋಡುವುದು ಇದು. ಅನೇಕರಿಗೆ ಎರಡೂ ಬೇಕು.

ನಮ್ಮ ದೇಶದಲ್ಲಿ ಇದರ ಮೊದಲ ಶಾಲೆಯನ್ನು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆರಂಭಿಸಿದವರು ಕಮಲಾ ನಿಂಬಕರ್. ಇಂದು ಮಣಿಪಾಲದಲ್ಲಿ ಇದರ ಪದವಿ ಶಿಕ್ಷಣವಿದೆ. ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕೆಲಸದ ತರಬೇತಿಯೂ ಸಿಗುತ್ತದೆ.

ಕೆಲವು ಉದಾಹರಣೆಗಳು:

1. ಪಾರ್ಶ್ವವಾಯು ಆದವರು ಅಂಗಿ ತೊಡುವಾಗ ಮೊದಲು ದುರ್ಬಲ ಕೈಯನ್ನು ತೋಳಿಗೆ ಹಾಕಬೇಕು; ಕಳಚುವಾಗ ಆ ಕೈ ಕೊನೆಗೆ.

2. ಹಿಡಿತ ಕಡಿಮೆಯಾದವರಿಗೆ ದಪ್ಪ ಹಿಡಿಯ ಚಮಚ. ಊರಿನಿಂದ ಕೊಂಡಾಪುರದ ಫ್ಲಾಟಿಗೆ ಬಂದ ಹಿರಿಯರಿಗೆ ಕಮೋಡಿನ ಪಕ್ಕ ಹಿಡಿಕೆ, ಬಚ್ಚಲಲ್ಲಿ ಜಾರದ ಚಾಪೆ.

3. ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಆಟದ ಮೂಲಕವೇ ಪೆನ್ಸಿಲ್ ಹಿಡಿಯುವ, ತಾವೇ ಉಣ್ಣುವ ಅಭ್ಯಾಸ.

ನಾನು ಬ್ಯಾಂಕಿನಲ್ಲಿದ್ದಾಗ ಪಾರ್ಶ್ವವಾಯು ಆದ ಪಿಂಚಣಿದಾರರು ಹೆಬ್ಬೆಟ್ಟು ಒತ್ತುವುದನ್ನು ಕಂಡಿದ್ದೇನೆ. ಇಬ್ಬರು ಸಾಕ್ಷಿಗಳಿದ್ದರೆ ಹಣವೇನೋ ಸಿಗುತ್ತದೆ. ಆದರೆ ಜೀವನವಿಡೀ ಸಹಿ ಹಾಕಿದವರು ಇಂಕ್ ಪ್ಯಾಡಿನ ಮುಂದೆ ತಲೆ ತಗ್ಗಿಸುತ್ತಿದ್ದರು. ಎಲ್ಲರ ಕೈಯೂ ಮೊದಲಿನಂತಾಗುತ್ತದೆ ಎಂದು ಹೇಳಲಾಗದು. ಕೆಲವರು ಎಡಗೈಯಲ್ಲಿ ಹೊಸ ಸಹಿ ಕಲಿಯುತ್ತಾರೆ. ಬ್ಯಾಂಕಿನಲ್ಲಿ ಅದನ್ನು ದಾಖಲಿಸಬಹುದು. ತನ್ನ ಕೆಲಸ ತಾನೇ ಮಾಡಿಕೊಂಡೆ ಎಂಬ ಸಮಾಧಾನಕ್ಕೆ ಬೆಲೆ ಕಟ್ಟಲಾಗದು. ಆರೈಕೆಗೆಂದು ಮನೆಯಲ್ಲೇ ಉಳಿದ ಮಗಳೋ ಸೊಸೆಯೋ ಮತ್ತೆ ದುಡಿಮೆಗೆ ಹೋಗಲೂ ಸಾಧ್ಯವಾಗಬಹುದು.

ಈ ಚಿಕಿತ್ಸೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಡೆಯುತ್ತದೆ. ಪ್ರತಿ ಭೇಟಿಗೂ ಶುಲ್ಕ. ಆಸ್ಪತ್ರೆಯ ಬಿಲ್ಲಿಗೇ ಉಳಿತಾಯ ಕರಗಿದ ಮನೆಗಳು ಇಲ್ಲಿಯೇ ಕೈಚೆಲ್ಲುತ್ತವೆ.

ಆದ್ದರಿಂದ ಎರಡು ವಿನಂತಿ. ಡಿಸ್ಚಾರ್ಜ್ ಆಗುವಾಗ ‘ನಮ್ಮವರಿಗೆ ಆಕ್ಯುಪೇಷನಲ್ ಥೆರಪಿ ಬೇಕೇ?’ ಎಂದು ವೈದ್ಯರನ್ನು ಕೇಳಿ; ಬೇಕೆಂದರೆ ಸಂಕೋಚವಿಲ್ಲದೆ ಸಂಘಕ್ಕೆ ತಿಳಿಸಿ. ದಾನಿಗಳು ನೆರವು ನಿಧಿಗೆ ಕೊಡುವಾಗ ಈ ಖರ್ಚನ್ನೂ ಮನಸ್ಸಿನಲ್ಲಿಡಿ. ಜೀವ ಉಳಿಸಿದ ಮೇಲೆ ಬದುಕನ್ನೂ ಕೈಗೆ ಕೊಡೋಣ.