ಪರಾಗದ ಅಲರ್ಜಿಗೆ ಡಿಎನ್‌ಎ ಲಸಿಕೆ: ಕಾಯಬೇಕೇ, ಈಗಲೇ ಚಿಕಿತ್ಸೆ ಪಡೆಯಬೇಕೇ?

ಹೈದರಾಬಾದಿನ ಕನ್ನಡ ಓದುಗರ ಪ್ರಶ್ನೆಗಳಿಗೆ ಅಲರ್ಜಿ ತಜ್ಞರ ಉತ್ತರ

ಪ್ರಶ್ನೆ: ಮಳೆಗಾಲ ಮುಗಿಯುತ್ತಿದ್ದಂತೆ ನನಗೆ ಬೆಳಗಾದರೆ ಸೀನು, ಕಣ್ಣಿನ ತುರಿಕೆ, ಸೋರುವ ಮೂಗು. ಇದಕ್ಕೆ ಡಿಎನ್‌ಎ ಲಸಿಕೆ ಬಂದಿದೆ, ಒಮ್ಮೆ ಹಾಕಿಸಿಕೊಂಡರೆ ಸಾಕು ಎನ್ನುತ್ತಾರೆ. ನಿಜವೇ?
– ನಿವೃತ್ತ ನೌಕರರು, ಕಾಚಿಗುಡ

ಉತ್ತರ: ಇಲ್ಲ. ಪರಾಗದ ಅಲರ್ಜಿಗೆಂದು ಅನುಮೋದನೆ ಪಡೆದ ಡಿಎನ್‌ಎ ಲಸಿಕೆ ಇನ್ನೂ ಎಲ್ಲಿಯೂ ಮಾರಾಟಕ್ಕೆ ಬಂದಿಲ್ಲ. ಕೊಡಿಸುತ್ತೇವೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಮೊದಲು ನಿಮಗೆ ಯಾವ ಪರಾಗ ಆಗಿಬರುವುದಿಲ್ಲ ಎಂಬುದು ಗೊತ್ತಾಗಬೇಕು. ನಾವು ಕಾಂಗ್ರೆಸ್ ಗಿಡ ಎನ್ನುವ, ತೆಲುಗರು ವಯ್ಯಾರಿಭಾಮ ಎನ್ನುವ ಪಾರ್ಥೇನಿಯಂ ಮಳೆ ಬಿದ್ದ ಮೇಲೆ ಖಾಲಿ ಸೈಟುಗಳಲ್ಲಿ ಹುಲುಸಾಗಿ ಹೂಬಿಡುತ್ತದೆ. 1991ರಲ್ಲಿ ಪ್ರಕಟವಾದ ಬೆಂಗಳೂರಿನ ಅಧ್ಯಯನವೊಂದು ಅಲ್ಲಿನ ಶೇ 7ರಷ್ಟು ಜನರಿಗೆ ಇದರಿಂದಲೇ ಮೂಗಿನ ಅಲರ್ಜಿ ಇದೆಯೆಂದು ಅಂದಾಜಿಸಿತ್ತು. ಹುಲ್ಲು, ಹರಳು, ಬಳ್ಳಾರಿ ಜಾಲಿಯ ಪರಾಗವೂ ಕಾರಣವಾಗಿರಬಹುದು. ಚರ್ಮದ ಮೇಲೆ ಮಾಡುವ ಚುಚ್ಚು ಪರೀಕ್ಷೆಯಿಂದ ಇದು ತಿಳಿಯುತ್ತದೆ. ಸೀನಿನ ಮಾತ್ರೆಗಳು ಈ ಪರೀಕ್ಷೆಯ ಫಲಿತಾಂಶವನ್ನು ಮರೆಮಾಡುತ್ತವೆ. ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ವೈದ್ಯರನ್ನು ಕೇಳಿಕೊಂಡು ಹೋಗಿ.

ಪ್ರಶ್ನೆ: ಡಿಎನ್‌ಎ ಲಸಿಕೆ ಅಲರ್ಜಿಯನ್ನು ಹೇಗೆ ತಡೆಯಬಲ್ಲದು? ಅದು ನಮ್ಮ ವಂಶವಾಹಿಯನ್ನೇ ಬದಲಿಸುವುದಿಲ್ಲವೇ?
– ಬಿ.ಎಸ್ಸಿ. ವಿದ್ಯಾರ್ಥಿನಿ, ತಾರ್ನಾಕ

ಉತ್ತರ: ಅಲರ್ಜಿ ಇರುವವರ ದೇಹ ಪರಾಗದ ಪ್ರೋಟೀನನ್ನು ಶತ್ರುವೆಂದು ತಪ್ಪು ತಿಳಿದು ಐಜಿಇ ಎಂಬ ಪ್ರತಿಕಾಯ ತಯಾರಿಸುತ್ತದೆ. ಪರಾಗ ಮತ್ತೆ ಮೂಗಿಗೆ ಬಂದಾಗ ಈ ಪ್ರತಿಕಾಯ ಹೊತ್ತ ಜೀವಕೋಶಗಳು ಹಿಸ್ಟಮಿನ್ ಸುರಿಸುತ್ತವೆ. ಸೀನು, ತುರಿಕೆ ಶುರುವಾಗುತ್ತವೆ. ಡಿಎನ್‌ಎ ಲಸಿಕೆಯಲ್ಲಿ ಪರಾಗ ಇರುವುದಿಲ್ಲ, ಅದರ ಪ್ರೋಟೀನಿನ ನಕ್ಷೆ ಮಾತ್ರ ಇರುತ್ತದೆ. ಆ ಪ್ರೋಟೀನನ್ನು ನಮ್ಮ ಜೀವಕೋಶಗಳೇ ಒಳಗೆ ತಯಾರಿಸಿ ರೋಗನಿರೋಧಕ ವ್ಯವಸ್ಥೆಗೆ ತೋರಿಸುತ್ತವೆ. ಹೀಗೆ ತೋರಿಸಿದಾಗ ಐಜಿಇ ತಯಾರಿಕೆ ತಗ್ಗುತ್ತದೆ ಎಂಬುದನ್ನು 1996ರಲ್ಲೇ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದವು.

ಮನುಷ್ಯರಲ್ಲಿ ಹೆಸರಾದ ಪ್ರಯತ್ನ ಜಪಾನಿನ ಸೀಡರ್ ಮರದ ಪರಾಗಕ್ಕೆ ಸಂಬಂಧಿಸಿದ್ದು. ಅಮೆರಿಕದ ಇಮ್ಯುನೋಮಿಕ್ ಕಂಪನಿಯ ಲಸಿಕೆ ಮೊದಲ ಹಂತದ ಸಣ್ಣ ಪ್ರಯೋಗದಲ್ಲಿ ಸುರಕ್ಷಿತವೆನಿಸಿತು. ಹಲವರ ಚರ್ಮದ ಪರೀಕ್ಷೆ ಅಲರ್ಜಿ ಇಲ್ಲವೆಂದೂ ತೋರಿಸಿತು. ಜಪಾನಿನ ಅಸ್ಟೆಲ್ಲಾಸ್ ಕಂಪನಿ ಅದನ್ನು ಮುಂದಿನ ಹಂತಕ್ಕೆ ಒಯ್ದರೂ ಅದು ಔಷಧವಾಗಿ ಅಂಗಡಿಗೆ ಬರಲಿಲ್ಲ.

ಲಸಿಕೆಯ ಡಿಎನ್‌ಎ ನಮ್ಮ ವರ್ಣತಂತುಗಳ ಜೊತೆ ಬೆಸೆದುಕೊಳ್ಳುವ ಸಾಧ್ಯತೆ ತೀರಾ ಕಡಿಮೆ. ಜಗತ್ತಿನ ಮೊದಲ ಡಿಎನ್‌ಎ ಲಸಿಕೆಗೆ ತುರ್ತು ಬಳಕೆಯ ಅನುಮತಿ ಸಿಕ್ಕಿದ್ದು ನಮ್ಮ ದೇಶದಲ್ಲೇ: 2021ರ ಆಗಸ್ಟಿನಲ್ಲಿ, ಅಹಮದಾಬಾದಿನ ಝೈಡಸ್ ತಯಾರಿಸಿದ ಕೋವಿಡ್ ಲಸಿಕೆ ಝೈಕೋವ್-ಡಿಗೆ. ನಿಮ್ಮ ಹೈದರಾಬಾದಿನಲ್ಲಿ ಸಿಸಿಎಂಬಿಯಂಥ ಸಂಶೋಧನಾ ಸಂಸ್ಥೆ ಇದೆ, ಜೀನೋಮ್ ವ್ಯಾಲಿಯ ಲಸಿಕಾ ಕಂಪನಿಗಳಿವೆ. ನಮ್ಮ ಪಾರ್ಥೇನಿಯಂಗೆ ಮದ್ದು ಹುಡುಕುವ ಕೆಲಸ ನಿಮ್ಮಂಥ ವಿದ್ಯಾರ್ಥಿಗಳಿಂದ ಆಗಬೇಕು.

ಪ್ರಶ್ನೆ: ಎಂಟು ವರ್ಷದ ಮಗಳಿಗೆ ಪರಾಗದ ಅಲರ್ಜಿಯ ಜೊತೆ ಉಬ್ಬಸವೂ ಇದೆ. ವೈದ್ಯರು ಮೂರು ವರ್ಷದ ಇಂಜೆಕ್ಷನ್ ಹೇಳಿದ್ದಾರೆ. ಮನೆಯವರು ಮೃಗಶಿರ ಕಾರ್ತೆಗೆ ನಾಂಪಲ್ಲಿಯ ಮೀನಿನ ಔಷಧಿ ಕೊಡಿಸೋಣ ಎನ್ನುತ್ತಾರೆ. ಹೊಸ ಲಸಿಕೆಗೆ ಕಾಯಲೇ?
– ಗೃಹಿಣಿ, ಕುಕಟ್‌ಪಲ್ಲಿ

ಉತ್ತರ: ಕಾಯಬೇಡಿ ತಾಯಿ. ಮೀನಿನ ಔಷಧಿ ಉಬ್ಬಸ ವಾಸಿಮಾಡುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಅದನ್ನು ನಂಬಿ ಇನ್‌ಹೇಲರ್ ನಿಲ್ಲಿಸಿದರೆ ಮಗುವಿನ ಪ್ರಾಣಕ್ಕೇ ಅಪಾಯ.

ವೈದ್ಯರು ಹೇಳಿದ ಇಂಜೆಕ್ಷನ್ ಹೊಸದಲ್ಲ. 1911ರಲ್ಲಿ ಲಂಡನ್ನಿನ ಲಿಯೊನಾರ್ಡ್ ನೂನ್ ಹುಲ್ಲಿನ ಪರಾಗದ ಸಾರವನ್ನು ಸ್ವಲ್ಪಸ್ವಲ್ಪವೇ ಕೊಡುತ್ತ ದೇಹಕ್ಕೆ ಅಭ್ಯಾಸ ಮಾಡಿಸುವ ದಾರಿ ತೋರಿಸಿದರು. ಇಂದಿಗೂ ಅಲರ್ಜಿಯ ಮೂಲಕ್ಕೇ ಕೈಹಾಕುವ ಚಿಕಿತ್ಸೆ ಇದೇ. ಮೂರರಿಂದ ಐದು ವರ್ಷ ಬೇಕಾಗುತ್ತದೆ. ನಾಲಿಗೆಯಡಿ ಹಾಕುವ ಹನಿಗಳೂ ಇವೆ. ಆದರೆ ಉಬ್ಬಸ ಹತೋಟಿಗೆ ಬರುವ ಮೊದಲು ಇಂಜೆಕ್ಷನ್ ಶುರುಮಾಡಬಾರದು. ಪ್ರತಿ ಸಲವೂ ಚುಚ್ಚಿಸಿಕೊಂಡ ಮೇಲೆ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕೂರಿಸಿಕೊಳ್ಳಿ.

ಡಿಎನ್‌ಎ ಲಸಿಕೆ ಮುಂದೊಂದು ದಿನ ಬಂದರೆ ಎಲ್ಲರೂ ಸ್ವಾಗತಿಸೋಣ. ಅಲ್ಲಿಯವರೆಗೆ ಮಗಳ ಇನ್‌ಹೇಲರನ್ನು ಒಂದು ದಿನವೂ ತಪ್ಪಿಸಬೇಡಿ. ಉಬ್ಬಸ ಹತೋಟಿಗೆ ಬಂದ ಕೂಡಲೇ ಇಂಜೆಕ್ಷನ್ ಆರಂಭಿಸಿ, ಮಧ್ಯದಲ್ಲಿ ಬಿಡಬೇಡಿ.