ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ, ಎಷ್ಟು ಹೊತ್ತು?

2021ರ ಜನವರಿ 9ರಂದು ಏರ್ ಇಂಡಿಯಾ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರ ಧ್ರುವದ ಕಡೆಯಿಂದ ಹಾದು, ಜನವರಿ 11ರ ಬೆಳಗಿನ ಜಾವ ಬೆಂಗಳೂರಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಆ ತಂಡದ ಪೈಲಟ್‌ಗಳೆಲ್ಲ ಮಹಿಳೆಯರು. ಅಮೆರಿಕದಿಂದ ಬರೋಕೆ ಧ್ರುವದ ಕಡೆ ಯಾಕೆ ಹೋಗ್ಬೇಕು? ಲೆಕ್ಕ ಹಾಕಿ ನೋಡೋಣ.

ಮೊದಲು ದೂರ. ಮರ್ಕೇಟರ್ ನಕ್ಷೆಯಲ್ಲಿ ಪೆಸಿಫಿಕ್ ಸಾಗರದ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದು ಹಾಗೇ ಹೋದರೆ ಸುಮಾರು 16,100 ಕಿ.ಮೀ. ಆಗುತ್ತೆ. ಆದರೆ ಭೂಮಿ ಚಪ್ಪಟೆ ಅಲ್ಲವಲ್ಲ! ಗೋಳದ ಮೇಲೆ ಅತಿ ಹತ್ತಿರದ ದಾರಿ ಅಂದರೆ ಮಹಾವೃತ್ತದ ತುಂಡು. ಅದರ ಸೂತ್ರ:

ಕಾಸ್(ಕೋನ) = ಸೈನ್(ಅ1) × ಸೈನ್(ಅ2) + ಕಾಸ್(ಅ1) × ಕಾಸ್(ಅ2) × ಕಾಸ್(ರೇ)

ಇಲ್ಲಿ ಅ1, ಅ2 ಎರಡು ಊರುಗಳ ಅಕ್ಷಾಂಶ. ರೇ ಅಂದರೆ ರೇಖಾಂಶಗಳ ವ್ಯತ್ಯಾಸ. ಬೆಂಗಳೂರು ವಿಮಾನ ನಿಲ್ದಾಣ 13.2° ಉತ್ತರ, 77.7° ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊ 37.6° ಉತ್ತರ, 122.4° ಪಶ್ಚಿಮ. ಕೋನ ಸುಮಾರು 125.8° ಬರುತ್ತೆ. ಒಂದು ಡಿಗ್ರಿಗೆ 111.2 ಕಿ.ಮೀ. ಅಂತ ಗುಣಿಸಿದರೆ ಸುಮಾರು 14,000 ಕಿ.ಮೀ. ನಕ್ಷೆಯ ಗೆರೆಗಿಂತ 2,100 ಕಿ.ಮೀ. ಉಳಿತಾಯ!

ಈ ದಾರಿ 71° ಉತ್ತರದವರೆಗೆ ಮೇಲೇರುತ್ತೆ. ಸರಿಯಾಗಿ ಧ್ರುವದ ಮೇಲೇ ಹಾದುಹೋದರೆ? ಎರಡೂ ಊರುಗಳಿಂದ ಧ್ರುವಕ್ಕಿರುವ ಕೋನ ಕೂಡಿಸಿ: 76.8 + 52.4 = 129.2°, ಅಂದರೆ ಸುಮಾರು 14,370 ಕಿ.ಮೀ. ಬರೀ 370 ಕಿ.ಮೀ. ಹೆಚ್ಚು, ಅಷ್ಟೇ.

ಈಗ ಸಮಯ. ಗಂಟೆಗೆ 900 ಕಿ.ಮೀ. ಅಂತಿಟ್ಟುಕೊಂಡರೆ 14,000 ಕಿ.ಮೀ.ಗೆ 15 ಗಂಟೆ 33 ನಿಮಿಷ. ಆದರೆ ಈ 900 ಗಾಳಿಗೆ ಹೋಲಿಸಿದ ವೇಗ. ನಮಗೆ ಬೇಕಾದದ್ದು ನೆಲಕ್ಕೆ ಹೋಲಿಸಿದ ವೇಗ. 80 ಕಿ.ಮೀ. ಎದುರುಗಾಳಿ ಇದ್ದರೆ 17 ಗಂಟೆ 4 ನಿಮಿಷ. ಅದೇ ಗಾಳಿ ಹಿಂದಿನಿಂದ ತಳ್ಳಿದರೆ 14 ಗಂಟೆ 17 ನಿಮಿಷ. ಹೋಗ್ತಾ ಕಳೆದದ್ದು ಬರ್ತಾ ಸಿಗುತ್ತೆ ಅಂದ್ಕೋಬೇಡಿ: ಎರಡೂ ಸೇರಿ 31 ಗಂಟೆ 21 ನಿಮಿಷ, ಗಾಳಿಯೇ ಇಲ್ಲದಿದ್ದರೆ 31 ಗಂಟೆ 7 ನಿಮಿಷ.

ಹಾಗಾಗಿ ಹತ್ತಿರದ ದಾರಿಯೇ ಬೇಗ ತಲುಪಿಸುವ ದಾರಿ ಆಗಬೇಕಿಲ್ಲ. ಹತ್ತಿರದ ದಾರಿಯಲ್ಲಿ ಗಾಳಿಯೇ ಇಲ್ಲ, ಧ್ರುವದ ದಾರಿಯಲ್ಲಿ ಸರಾಸರಿ 25 ಕಿ.ಮೀ. ಹಿಂಗಾಳಿ ಇದೆ ಅನ್ನಿ. ಆಗ ಆ 370 ಕಿ.ಮೀ. ಸುತ್ತು ಹೊಡೆದರೂ 15 ಗಂಟೆ 32 ನಿಮಿಷಕ್ಕೇ ತಲುಪಬಹುದು. ಇದು ತಮಾಷೆಯ ಲೆಕ್ಕ ಅಲ್ಲ. ಇಂಧನ ಉರಿಯೋದು ವಿಮಾನ ಗಾಳಿಯಲ್ಲಿ ಇರುವಷ್ಟು ಹೊತ್ತೂ. ಗಾಳಿಯ ಅಂದಾಜು ತಪ್ಪಿದರೆ ನಡುವೆ ಬೇರೆ ಊರಲ್ಲಿ ಇಳಿಯಬೇಕಾದೀತು. ಜೊತೆಗೆ, ಎರಡೇ ಎಂಜಿನ್ನಿನ ವಿಮಾನವಾದರೆ, ಒಂದು ಕೆಟ್ಟರೂ ಇನ್ನೊಂದರಲ್ಲೇ ನಿಗದಿತ ಸಮಯದೊಳಗೆ ತಲುಪಬಹುದಾದ ನಿಲ್ದಾಣ ದಾರಿಯುದ್ದಕ್ಕೂ ಇರಬೇಕು.

9ಕ್ಕೆ ಹೊರಟು 11ಕ್ಕೆ ಇಳಿದರೆ ಎರಡು ದಿನದ ಪ್ರಯಾಣವೇ? ಅಲ್ಲ. ಜನವರಿಯಲ್ಲಿ ನಾವು ಅವರಿಗಿಂತ ಹದಿಮೂರೂವರೆ ಗಂಟೆ ಮುಂದೆ. ಅದೇ ಇಲ್ಲಿಂದ ಮಧ್ಯಾಹ್ನ 2ಕ್ಕೆ ಹೊರಟು 17 ಗಂಟೆ ಹಾರಿದರೆ, ಅಲ್ಲಿ ಅದೇ ದಿನ ಸಂಜೆ 5.30!

ಈಗ ನಿಮ್ಮ ಸರದಿ: ಲಂಡನ್ 51.5° ಉತ್ತರ, 0.5° ಪಶ್ಚಿಮ. ಬೆಂಗಳೂರಿಂದ ದೂರ ಕಂಡುಹಿಡೀರಿ. 8,050 ಕಿ.ಮೀ. ಆಸುಪಾಸು ಬಂದರೆ ಕ್ಯಾಲ್ಕುಲೇಟರ್ ಡಿಗ್ರಿ ಮೋಡ್‌ನಲ್ಲೇ ಇದೆ ಅಂತ ಅರ್ಥ.