ರೇಡಿಯೋ ಸ್ಕ್ಯಾನರ್ ಯಂತ್ರವೂ ಅದನ್ನು ನಡೆಸುವ ಕ್ರಮವೂ

ಮಳೆ, ಬಿರುಗಾಳಿ, ಆಲಿಕಲ್ಲುಗಳ ಸೂಚನೆಯು ಒಂದೇ ಒಂದು ಗಳಿಗೆ ಮುಂಚಿತವಾಗಿ ದೊರೆತರೂ ಬೇಸಾಯಗಾರನಿಗೆ ಅದರಿಂದಾಗುವ ಪ್ರಯೋಜನವು ಅಲ್ಪವಲ್ಲ. ಕಣದಲ್ಲಿ ಹರಡಿದ ಧಾನ್ಯವನ್ನು ಒಟ್ಟಿ ಮುಚ್ಚುವುದಕ್ಕೂ, ದನಕರುಗಳನ್ನು ಕೊಟ್ಟಿಗೆಗೆ ಹೊಡೆದುಕೊಂಡು ಬರುವುದಕ್ಕೂ, ಹೆಂಗಸರು ಮಕ್ಕಳನ್ನು ಭದ್ರವಾದ ಸ್ಥಳಕ್ಕೆ ಸೇರಿಸುವುದಕ್ಕೂ ಅಷ್ಟು ಕಾಲವು ಸಾಕಾಗುವುದುಂಟು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಮಧ್ಯಭಾಗದಲ್ಲಿರುವ ಗೋಧಿಯ ಬಯಲುಸೀಮೆಯ ರೈತರು ಇಂತಹ ಸೂಚನೆಗಳನ್ನು ಪಡೆಯುವುದಕ್ಕೆ ಬಳಸುವ ಸಾಧನಗಳಲ್ಲಿ ರೇಡಿಯೋ ಸ್ಕ್ಯಾನರ್ ಎಂಬ ಯಂತ್ರವೂ ಒಂದು. ಈ ಯಂತ್ರವು ತಾನಾಗಿ ಏನನ್ನೂ ಅರಿಯದು, ಹೇಳಿಕೊಟ್ಟಷ್ಟನ್ನೇ ಮಾಡುವುದು. ಆದಕಾರಣ ಅದರ ಕೀಲಿಗಳನ್ನು ಕ್ರಮವಾಗಿ ಕಲಿಯದೆ ಮನೆಯಲ್ಲಿ ಇಟ್ಟುಕೊಂಡವನು, ಯಂತ್ರವು ಕಾವಲಿದೆಯೆಂಬ ನಂಬಿಕೆಯಿಂದಲೇ ಅಪಾಯಕ್ಕೆ ಒಳಗಾಗುವ ಸಂಭವವುಂಟು. ಈ ಪಾಠದಲ್ಲಿ ಆ ಕಲಿಕೆಯ ಕ್ರಮವು ವಿವರಿಸಲ್ಪಟ್ಟಿದೆ.

ಯಂತ್ರದ ಸ್ವರೂಪ

ಮನೆಗಳಲ್ಲಿರುವ ಸಾಮಾನ್ಯ ರೇಡಿಯೋ ಪೆಟ್ಟಿಗೆಯು ಒಂದು ನಿಲಯಕ್ಕೆ ತಿರುಗಿಸಿಟ್ಟರೆ ಅದನ್ನೇ ಕೇಳಿಸುತ್ತಿರುವುದು. ಸ್ಕ್ಯಾನರ್ ಹಾಗಲ್ಲ. ಊರ ತಳವಾರನು ರಾತ್ರಿಯಲ್ಲಿ ಬೀದಿಯಿಂದ ಬೀದಿಗೆ ಸುತ್ತುತ್ತ, ಸದ್ದು ಕೇಳಿಸಿದೆಡೆ ನಿಂತು ಆಲಿಸಿ, ಸದ್ದಡಗಿದ ಮೇಲೆ ಮುಂದೆ ಹೋಗುತ್ತಿದ್ದಂತೆ, ಈ ಯಂತ್ರವು ತನಗೆ ಬರೆದುಕೊಟ್ಟ ಸ್ಥಾನಗಳನ್ನು ಒಂದರ ಮೇಲೊಂದರಂತೆ ಪರೀಕ್ಷಿಸುತ್ತ ಹೋಗಿ, ಮಾತು ನಡೆಯುತ್ತಿರುವಲ್ಲಿ ನಿಂತು ಕೇಳಿಸುವುದು. ಒಂದು ಸೆಕೆಂಡಿನಲ್ಲಿ ಹಲವು ಹತ್ತು ಸ್ಥಾನಗಳನ್ನು ನೋಡಿಬರುವ ವೇಗವು ಇದಕ್ಕುಂಟು.

ಪ್ರತಿಯೊಂದು ರೇಡಿಯೋ ಪ್ರಸಾರಕ್ಕೂ ಸೆಕೆಂಡಿಗೆ ಇಷ್ಟು ಕಂಪನಗಳೆಂಬ ಗೊತ್ತಾದ ಸಂಖ್ಯೆಯಿರುವುದು. ಇದಕ್ಕೆ ಕಂಪನಾಂಕವೆಂದು ಹೆಸರು. ಹತ್ತು ಲಕ್ಷ ಕಂಪನಗಳಿಗೆ ಒಂದು ಮೆಗಾಹರ್ಟ್ಜ್. 1970ರ ದಶಕದ ಮೊದಲ ವರ್ಷಗಳ ಸ್ಕ್ಯಾನರುಗಳಲ್ಲಿ ಒಂದೊಂದು ಕಂಪನಾಂಕಕ್ಕೂ ಒಂದೊಂದು ಸ್ಫಟಿಕದ ತುಂಡನ್ನು ಕೊಂಡು ಕೂಡಿಸಬೇಕಾಗಿತ್ತು. ಆ ದಶಕದ ಮಧ್ಯಭಾಗದಿಂದ ಈಚೆಗೆ, ಬೇಕಾದ ಅಂಕಿಯನ್ನು ಕೀಲಿಗಳಿಂದ ಒತ್ತಿ ಯಂತ್ರದ ನೆನಪಿನಲ್ಲಿ ಬರೆಯಿಸುವ ಪದ್ಧತಿಯು ಬಂದಿತು. ಯೂನಿಡೆನ್ ಕಂಪನಿಯ ಬಿಸಿ 125 ಎಟಿ ಎಂಬ ಕೈಯಂತ್ರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇದರಲ್ಲಿ 500 ಸ್ಥಾನಗಳಿದ್ದು, ಅವು 50ರಂತೆ 10 ವಿಭಾಗಗಳಾಗಿ ಹಂಚಲ್ಪಟ್ಟಿವೆ. ಸ್ಥಾನಕ್ಕೆ ಚಾನೆಲ್ ಎಂದೂ, ವಿಭಾಗಕ್ಕೆ ಬ್ಯಾಂಕ್ ಎಂದೂ ಹೆಸರು. ಈ ಯಂತ್ರವು ಕೇಳಿಸುವುದೇ ಹೊರತು ಮಾತನ್ನು ಹೊರಗೆ ಕಳುಹಿಸಲಾರದು. ಆಪತ್ತಿನಲ್ಲಿ ಇದರಿಂದ ಯಾರನ್ನೂ ಕೂಗಿ ಕರೆಯುವಂತಿಲ್ಲವೆಂಬುದನ್ನು ಮೊದಲೇ ತಿಳಿದಿರತಕ್ಕದ್ದು.

ಕೀಲಿಗಳೂ ಅವುಗಳ ಕೆಲಸವೂ

1. ಧ್ವನಿಯ ತಿರುಗಣಿ. ಇದು ಸದ್ದನ್ನು ಹೆಚ್ಚುಕಡಿಮೆ ಮಾಡುವುದು. ಇದರಲ್ಲಿ ವಿಶೇಷವಿಲ್ಲ.

2. ಸ್ಕ್ವೆಲ್ಚ್. ಹೊಸಬರು ತಪ್ಪುವುದು ಬಹುಮಟ್ಟಿಗೆ ಇಲ್ಲಿಯೇ. ಮಾತಿಲ್ಲದಾಗ ಆಕಾಶದಿಂದ ಬರುವ ಬರಿಯ ಮೊರೆತವನ್ನು ತಡೆಯುವುದು ಇದರ ಕೆಲಸ. ಕೆರೆಯ ತೂಬಿನಂತೆ ಇದನ್ನು ಹದವರಿತು ತೆರೆಯಬೇಕು. ಅತಿಯಾಗಿ ತೆರೆದರೆ ಯಂತ್ರವು ಮೊರೆತವನ್ನೇ ಮಾತೆಂದು ಭಾವಿಸಿ, ಮೊದಲ ಸ್ಥಾನದಲ್ಲಿಯೇ ನಿಂತುಬಿಡುವುದು. ಅತಿಯಾಗಿ ಮುಚ್ಚಿದರೆ ದೂರದಿಂದ ಬರುವ ಕ್ಷೀಣವಾದ ಮಾತು ಒಳಗೆ ಬಾರದು. ಸರಿಯಾದ ಕ್ರಮವೆಂದರೆ, ಮೊರೆತವು ಕೇಳಿಸುವಷ್ಟು ಪೂರ್ತಿಯಾಗಿ ತೆರೆದು, ಅದು ಅಡಗುವವರೆಗೆ ನಿಧಾನವಾಗಿ ಮುಚ್ಚುತ್ತ ಬಂದು, ಅಡಗಿದ ಬಿಂದುವಿನಿಂದ ಕೂದಲೆಳೆಯಷ್ಟು ಮಾತ್ರ ಮುಂದಕ್ಕೆ ತಂದು ಬಿಡುವುದು.

3. ಸ್ಕ್ಯಾನ್ ಮತ್ತು ಹೋಲ್ಡ್. ಮೊದಲನೆಯದನ್ನು ಒತ್ತಿದರೆ ಸುತ್ತು ಆರಂಭವಾಗುವುದು. ಎರಡನೆಯದನ್ನು ಒತ್ತಿದರೆ ಯಂತ್ರವು ಇದ್ದ ಸ್ಥಾನದಲ್ಲಿಯೇ ನಿಲ್ಲುವುದು. ಕೆಲವು ಯಂತ್ರಗಳಲ್ಲಿ ಹೋಲ್ಡ್ ಎಂಬುದಕ್ಕೆ ಮ್ಯಾನ್ಯುಅಲ್ ಎಂದು ಬರೆದಿರುವುದು.

4. ಬರೆಯಿಸುವ ಕ್ರಮ. ಹಳೆಯ ಮಾದರಿಯ ಹಲವು ಯಂತ್ರಗಳಲ್ಲಿ ಮೊದಲು ಮ್ಯಾನ್ಯುಅಲ್ ಕೀಲಿ, ಬಳಿಕ ಸ್ಥಾನದ ಸಂಖ್ಯೆ, ಮತ್ತೆ ಮ್ಯಾನ್ಯುಅಲ್, ಅನಂತರ ಕಂಪನಾಂಕ, ಕಡೆಯಲ್ಲಿ ಎಂಟರ್ ಕೀಲಿ, ಹೀಗೆ ಒತ್ತಬೇಕು. ಬೇರೆ ಮಾದರಿಗಳಲ್ಲಿ ಕೀಲಿಗಳ ಹೆಸರೂ ಕ್ರಮವೂ ಬದಲಾಗಬಹುದಾದರೂ, ಸ್ಥಾನವನ್ನು ಗೊತ್ತುಮಾಡಿ, ಅಂಕಿಯನ್ನು ಬರೆಯಿಸಿ, ಮುದ್ರೆಯೊತ್ತುವ ತತ್ವವು ಒಂದೇ. ಬರೆಯಿಸಿದ ಪ್ರತಿಯೊಂದನ್ನೂ ಒಂದು ಪುಸ್ತಕದಲ್ಲಿ ಸ್ಥಾನ, ಕಂಪನಾಂಕ, ಯಾರ ಮಾತು ಎಂಬ ಮೂರು ಕಲಮುಗಳಲ್ಲಿ ದಾಖಲುಮಾಡಿಕೊಳ್ಳುವುದು ಉತ್ತಮ.

5. ಡಿಲೇ. ಒಬ್ಬನು ಪ್ರಶ್ನೆ ಕೇಳಿ ಸುಮ್ಮನಾದ ಒಡನೆಯೇ ಯಂತ್ರವು ಮುಂದೆ ಹೋದರೆ ಇನ್ನೊಬ್ಬನ ಉತ್ತರವು ತಪ್ಪಿಹೋಗುವುದು. ಡಿಲೇ ಕೀಲಿಯು ಯಂತ್ರವನ್ನು ಅಲ್ಲಿಯೇ ಸುಮಾರು ಎರಡು ಸೆಕೆಂಡು ಕಾಯುವಂತೆ ಮಾಡುವುದು.

6. ಲಾಕ್‌ಔಟ್. ಬೇಡವಾದ ಸ್ಥಾನವನ್ನು ಸುತ್ತಿನಿಂದ ಬಿಡಿಸುವ ಕೀಲಿಯಿದು. ಉಪಯುಕ್ತವಾದರೂ ಅಪಾಯಕರವು, ಹೇಗೆಂದರೆ, ಬಿಡಿಸಿದ ಸ್ಥಾನವು ಯಂತ್ರವನ್ನು ಆರಿಸಿ ಹೊತ್ತಿಸಿದರೂ ಸಾಧಾರಣವಾಗಿ ಬಿಟ್ಟಂತೆಯೇ ಇರುವುದು. ಇಂದು ಗದ್ದಲವೆಂದು ಮುಚ್ಚಿದ ಬಾಗಿಲು ನಾಳೆ ಬೆಂಕಿ ಬಿದ್ದಾಗಲೂ ಮುಚ್ಚಿಯೇ ಇರುವುದೆಂಬುದನ್ನು ಮರೆಯಲಾಗದು.

7. ಪ್ರಯಾರಿಟಿ. ಕೆರೆಯ ಏರಿ ಬಿರುಕುಬಿಟ್ಟ ಕಾಲದಲ್ಲಿ ಕಾವಲುಗಾರನು ಎಲ್ಲಿ ಸುತ್ತುತ್ತಿದ್ದರೂ ಮಧ್ಯೆ ಮಧ್ಯೆ ಏರಿಯ ಕಡೆಗೆ ಬಂದು ನೋಡಿಹೋಗಬೇಕಷ್ಟೆ. ಅದರಂತೆ ಈ ಕೀಲಿಯಿಂದ ಗೊತ್ತುಮಾಡಿದ ಸ್ಥಾನವನ್ನು ಯಂತ್ರವು ಬೇರೆ ಮಾತನ್ನು ಕೇಳುತ್ತಿರುವಾಗಲೂ ಸುಮಾರು ಎರಡು ಸೆಕೆಂಡಿಗೊಮ್ಮೆ ನೋಡಿಬರುವುದು.

8. ಸರ್ಚ್. ಕಂಪನಾಂಕವು ತಿಳಿಯದಿದ್ದಾಗ ಮೇಲಿನ ಕೆಳಗಿನ ಎಲ್ಲೆಗಳನ್ನು ಕೊಟ್ಟು ಹುಡುಕಿಸುವುದಕ್ಕೆ ಇದು ಬೇಕು. ಕಲಿಯುವವರು ಇದನ್ನು ಕಡೆಗೆ ಅಭ್ಯಾಸಮಾಡುವುದು ಲೇಸು.

ಹವಾಮಾನದ ಎಚ್ಚರಿಕೆ

ಅಮೆರಿಕಾದ ರಾಷ್ಟ್ರೀಯ ಹವಾಮಾನ ಸೇವೆಯವರು ಏಳು ಕಂಪನಾಂಕಗಳಲ್ಲಿ ಹಗಲಿರುಳೂ ಹವಾಮಾನದ ವಾರ್ತೆಯನ್ನು ಪ್ರಸಾರಮಾಡುತ್ತಾರೆ. ಅವು 162.400, 162.425, 162.450, 162.475, 162.500, 162.525 ಮತ್ತು 162.550 ಮೆಗಾಹರ್ಟ್ಜ್. ಅಪಾಯವು ಸಮೀಪಿಸಿದಾಗ 1050 ಹರ್ಟ್ಜಿನ ಒಂದು ಕೂಗನ್ನು ಮೊದಲು ಕಳುಹಿಸಿ, ಅನಂತರ ಎಚ್ಚರಿಕೆಯ ಮಾತನ್ನು ಹೇಳುತ್ತಾರೆ.

ಇಲ್ಲಿ ಹೊಸಬರು ಒಂದು ವಿಷಯವನ್ನು ಚೆನ್ನಾಗಿ ಗಮನಿಸಬೇಕು. ಹವಾಮಾನದ ಪ್ರಸಾರವು ಎಂದಿಗೂ ನಿಲ್ಲತಕ್ಕದ್ದಲ್ಲ. ಆದುದರಿಂದ ಅದನ್ನು ಸಾಮಾನ್ಯ ಸ್ಥಾನಗಳ ಸಾಲಿನಲ್ಲಿ ಬರೆಯಿಸಿದರೆ ಯಂತ್ರವು ಅಲ್ಲಿಗೆ ಬಂದು ನಿಂತು ಮುಂದೆ ಹೋಗದು. ಇದರಿಂದ ಬೇಸತ್ತು ಆ ಸ್ಥಾನವನ್ನು ಲಾಕ್‌ಔಟ್ ಮಾಡಿದರೆ ಯಂತ್ರವನ್ನು ಕೊಂಡ ಉದ್ದೇಶವೇ ಕೆಟ್ಟಿತು. ತಕ್ಕ ಉಪಾಯವೆಂದರೆ, ಹವಾ ಎಚ್ಚರಿಕೆಗೆಂದೇ ಇರುವ ಬೇರೆ ಕೀಲಿಯನ್ನು ಉಪಯೋಗಿಸುವುದು. ಆಗ ಯಂತ್ರವು ವಾರ್ತೆಯನ್ನು ಸದಾ ಕೇಳಿಸದೆ, 1050 ಹರ್ಟ್ಜಿನ ಕೂಗು ಬಂದಾಗ ಮಾತ್ರ ಎಚ್ಚರಿಸುವುದು.

ಇನ್ನೂ ಕೆಲವು ಯಂತ್ರಗಳಲ್ಲಿ ಪ್ರಾಂತದ ಸಂಕೇತವನ್ನು ಬರೆಯಿಸಿ, ತನ್ನ ಸೀಮೆಗೆ ಸೇರಿದ ಎಚ್ಚರಿಕೆಗೆ ಮಾತ್ರ ಎಚ್ಚರಗೊಳ್ಳುವಂತೆ ಮಾಡಬಹುದು. ಈ ಸಂಕೇತಕ್ಕೆ ಆರು ಅಂಕಿಗಳು. ಕ್ಯಾನ್ಸಾಸ್ ಸಂಸ್ಥಾನದ ಕಯೋವಾ ಕೌಂಟಿಯ ಸಂಕೇತವು 020097. ಮೊದಲ ಸೊನ್ನೆಯು ಪೂರ್ತಿ ಕೌಂಟಿಯೆಂಬುದನ್ನೂ, 20 ಎಂಬುದು ಕ್ಯಾನ್ಸಾಸನ್ನೂ, 097 ಎಂಬುದು ಕಯೋವಾವನ್ನೂ ಸೂಚಿಸುವುವು. ಒಂದು ಅಂಕಿಯು ತಪ್ಪಿದರೂ ನೆರೆಯ ಸೀಮೆಯ ಗಾಳಿಗೆ ಎಚ್ಚರವಾಗಿ, ತನ್ನ ಸೀಮೆಯ ಗಾಳಿಗೆ ನಿದ್ದೆಮಾಡುವಂತಾಗುವುದು.

ಇದೇ ಕಯೋವಾ ಕೌಂಟಿಯ ಮುಖ್ಯಸ್ಥಳವಾದ ಗ್ರೀನ್ಸ್‌ಬರ್ಗ್ ಎಂಬ ಊರನ್ನು 2007ನೆಯ ಇಸವಿ ಮೇ 4ರ ರಾತ್ರಿ ಭಯಂಕರವಾದ ಸುಂಟರಗಾಳಿಯು ಹೊಡೆಯಿತು. ಊರಿನ ಸುಮಾರು ನೂರಕ್ಕೆ 95 ಪಾಲು ನೆಲಸಮವಾಯಿತು. ಗಾಳಿಯು ಬರುವುದಕ್ಕೆ ಮುಂಚೆಯೇ ಹವಾಮಾನದವರ ಎಚ್ಚರಿಕೆಯು ಹೊರಟಿತ್ತು. ಊರಿನ ಕಹಳೆಗಳೂ ಮೊಳಗಿದ್ದುವು. ಬಹು ಜನರು ನೆಲಮಾಳಿಗೆಗಳಲ್ಲಿ ಅಡಗಿಕೊಂಡರು. ಪ್ರಾಣಹಾನಿಯಾದರೂ, ಅಷ್ಟು ದೊಡ್ಡ ನಾಶದಲ್ಲಿ ಬಹುಪಾಲು ಜನರು ಉಳಿದರು. ಇಂತಹ ಗಾಳಿಯು ಕತ್ತಲೆಯಲ್ಲಿ ಬಂದಾಗ ಕಣ್ಣಿನಿಂದ ಕಾಣುವಂತಿಲ್ಲ. ಊರಿನ ಕಹಳೆಯು ಕೇಳಿಸದಷ್ಟು ದೂರದ ಒಂಟಿ ತೋಟದ ಮನೆಗೆ ಹಾಸಿಗೆಯ ಪಕ್ಕದ ಯಂತ್ರವೇ ಕಿವಿಯಾಗಬೇಕು. ಕೀಲಿಗಳ ಅಭ್ಯಾಸವು ಏತಕ್ಕೆ ಬೇಕೆಂಬುದು ಇದರಿಂದ ವಿಶದವಾಗುವುದು.

ಕಲಿಯುವ ಕ್ರಮ

ಮೊದಲ ದಿನ ಒಂದೇ ಒಂದು ಸ್ಥಾನವನ್ನು ಬರೆಯಿಸಿ, ಧ್ವನಿಯನ್ನೂ ಸ್ಕ್ವೆಲ್ಚನ್ನೂ ಹದಮಾಡುವುದನ್ನು ಮಾತ್ರ ಕಲಿಯಬೇಕು. ಇದಕ್ಕೆ ಹವಾಮಾನದ ನಿರಂತರ ಪ್ರಸಾರವೇ ಅನುಕೂಲವಾದುದು. ಅಭ್ಯಾಸವು ಮುಗಿದ ಮೇಲೆ ಆ ಸ್ಥಾನವನ್ನು ಅಳಿಸಿ, ಅದರ ಕೆಲಸವನ್ನು ಎಚ್ಚರಿಕೆಯ ಕೀಲಿಗೆ ಒಪ್ಪಿಸತಕ್ಕದ್ದು. ಎರಡನೆಯ ದಿನ ನಾಲ್ಕೈದು ಸ್ಥಾನಗಳನ್ನು ಬರೆಯಿಸಿ ಸುತ್ತನ್ನು ನೋಡಬೇಕು. ಹಳ್ಳಿಗಾಡಿನ ಸ್ವಯಂಸೇವಕ ಅಗ್ನಿಶಾಮಕ ದಳಗಳು ಪರಸ್ಪರ ಸಹಾಯಕ್ಕೆ ಬಳಸುವ 154.280 ಮೆಗಾಹರ್ಟ್ಜ್ ಇಂತಹ ಸ್ಥಾನಗಳಲ್ಲಿ ಒಂದು. ಮೂರನೆಯ ದಿನ ಡಿಲೇ, ಲಾಕ್‌ಔಟ್, ಪ್ರಯಾರಿಟಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಬ್ಯಾಂಕುಗಳನ್ನು ವಿಷಯಾನುಸಾರವಾಗಿ, ಒಂದರಲ್ಲಿ ಅಗ್ನಿಶಾಮಕ ದಳ, ಇನ್ನೊಂದರಲ್ಲಿ ರಸ್ತೆಯ ಇಲಾಖೆ ಎಂಬಂತೆ ವಿಂಗಡಿಸಿಕೊಂಡರೆ ಬೇಡವಾದುದನ್ನು ಒಂದೇ ಒತ್ತಿನಿಂದ ಬಿಡಬಹುದು. 500 ಸ್ಥಾನಗಳಿವೆಯೆಂದು ಎಲ್ಲವನ್ನೂ ತುಂಬುವುದು ಜಾಣತನವಲ್ಲ. ಸುತ್ತು ಉದ್ದವಾದಷ್ಟೂ ತಪ್ಪಿಹೋಗುವ ಮಾತು ಹೆಚ್ಚುವುದು.

ಆಂಟೆನಾ ಎಂಬ ತಂತಿಕೋಲಿನ ಅಳತೆಯೂ ಮುಖ್ಯ. 162.550 ಮೆಗಾಹರ್ಟ್ಜಿನ ತರಂಗದ ಕಾಲುಭಾಗವು ಸುಮಾರು 46 ಸೆಂಟಿಮೀಟರು, ಎಂದರೆ 18 ಅಂಗುಲ. ಈ ಉದ್ದದ ಕೋಲು ಹವಾಮಾನದ ಪ್ರಸಾರವನ್ನು ಚೆನ್ನಾಗಿ ಹಿಡಿಯುವುದು. ತಗ್ಗಿನಲ್ಲಿ ಇಡುವುದಕ್ಕಿಂತ ಎತ್ತರದಲ್ಲಿಯೂ, ಗೋಡೆಯ ಮರೆಗಿಂತ ಕಿಟಕಿಯ ಬಳಿಯಲ್ಲಿಯೂ ಇಟ್ಟರೆ ಫಲವು ಅಧಿಕ.

ವಾರದ ಪರೀಕ್ಷೆ

ಹವಾಮಾನ ಸೇವೆಯವರು ಸಾಮಾನ್ಯವಾಗಿ ಬುಧವಾರ ಒಂದು ಪರೀಕ್ಷಾ ಸಂಕೇತವನ್ನು ಕಳುಹಿಸುವ ರೂಢಿಯುಂಟು. ಯಂತ್ರವುಳ್ಳವರು ಅದನ್ನು ಗಮನಿಸಿ ಈ ಕೆಳಗಿನವುಗಳನ್ನು ನೋಡಿಕೊಳ್ಳಬೇಕು:

ಯಂತ್ರವು ಸಂಕೇತಕ್ಕೆ ಎಚ್ಚರಗೊಂಡಿತೇ ಇಲ್ಲವೇ.
ಲಾಕ್‌ಔಟ್ ಆಗಿರುವ ಸ್ಥಾನಗಳು ಯಾವುವು; ಅವು ನಿಜವಾಗಿಯೂ ಬೇಡವಾದುವೇ.
ಸ್ಕ್ವೆಲ್ಚ್ ಯಾರ ಕೈಯಿಂದಲಾದರೂ ಕದಲಿದೆಯೇ.
ಬ್ಯಾಟರಿಯಲ್ಲಿ ಶಕ್ತಿಯಿದೆಯೇ. ಗಾಳಿಮಳೆಯಲ್ಲಿ ಮೊದಲು ನಿಲ್ಲುವುದು ವಿದ್ಯುಚ್ಛಕ್ತಿಯೇ ಆದುದರಿಂದ ಇದು ಅತ್ಯವಶ್ಯಕವು.
ಮನೆಯ ಯಜಮಾನನಲ್ಲದೆ ಇನ್ನೊಬ್ಬರಿಗಾದರೂ ಯಂತ್ರವನ್ನು ನಡೆಸುವುದಕ್ಕೆ ಬರುವುದೇ.

ಯಂತ್ರದ ಮಿತಿಗಳು

ಅಮೆರಿಕಾದ ಅನೇಕ ಪ್ರಾಂತಗಳಲ್ಲಿ ಪೊಲೀಸು ಮತ್ತು ಅಗ್ನಿಶಾಮಕ ಇಲಾಖೆಗಳು ಪಿ 25 ಎಂಬ ಅಂಕೀಯ ಪದ್ಧತಿಗೆ ಬದಲಾಗಿವೆ. ಹಳೆಯ ಮಾದರಿಯ ಸ್ಕ್ಯಾನರಿನಲ್ಲಿ ಅದು ಬರಿಯ ಕರ್ಕಶ ಶಬ್ದವಾಗಿ ಕೇಳಿಸುವುದು. ಅದಕ್ಕೆ ಬೆಲೆಯುಳ್ಳ ಬೇರೆ ಯಂತ್ರವು ಬೇಕು. ಗೂಢಲಿಪಿಯಿಂದ ಮರೆಮಾಡಿದ ಮಾತನ್ನಾದರೋ ಅಂಗಡಿಯಲ್ಲಿ ದೊರೆಯುವ ಯಾವ ಸ್ಕ್ಯಾನರೂ ಬಿಡಿಸಲಾರದು. ಆದಕಾರಣ ಕೊಳ್ಳುವುದಕ್ಕೆ ಮುಂಚೆ, ತನ್ನ ಸೀಮೆಯ ಇಲಾಖೆಗಳು ಯಾವ ಪದ್ಧತಿಯಲ್ಲಿವೆಯೆಂದು ವಿಚಾರಿಸುವುದು ವಿಹಿತವು.

ಕಾನೂನಿನ ವಿಷಯ

ಅಮೆರಿಕಾದಲ್ಲಿ ಸ್ಕ್ಯಾನರನ್ನು ಇಟ್ಟುಕೊಳ್ಳುವುದು ಸಾಮಾನ್ಯವಾಗಿ ನಿಷಿದ್ಧವಲ್ಲ. ಆದರೂ 1986ರ ಶಾಸನದಿಂದ ಸಂಚಾರಿ ದೂರವಾಣಿಯ ಮಾತನ್ನು ಆಲಿಸುವುದು ಅಪರಾಧವಾಯಿತು. ಆ ಕಂಪನಾಂಕಗಳನ್ನು ಹಿಡಿಯುವ ಸ್ಕ್ಯಾನರುಗಳ ತಯಾರಿಕೆಯೂ ಆಮದೂ 1994ರಿಂದ ನಿಂತವು. ನ್ಯೂಯಾರ್ಕ್, ಫ್ಲೋರಿಡಾ ಮೊದಲಾದ ಸಂಸ್ಥಾನಗಳಲ್ಲಿ ವಾಹನದಲ್ಲಿ ಪೊಲೀಸರ ಕಂಪನಾಂಕಗಳನ್ನು ಹಿಡಿಯುವ ಯಂತ್ರವನ್ನು ಕೂಡಿಸುವುದಕ್ಕೆ ನಿರ್ಬಂಧಗಳುಂಟು.

ಭಾರತದಲ್ಲಿ ನಿಯಮವು ಇನ್ನೂ ಬಿಗಿಯಾದುದು. 1933ರ ಭಾರತೀಯ ನಿಸ್ತಂತು ತಂತಿ ಶಾಸನವು ಲೈಸೆನ್ಸಿಲ್ಲದೆ ನಿಸ್ತಂತು ಯಂತ್ರವನ್ನು ಹೊಂದಿರುವುದನ್ನೇ ಅಪರಾಧವೆಂದು ಗೊತ್ತುಮಾಡಿತು. 2023ರ ದೂರಸಂಪರ್ಕ ಶಾಸನವೂ ರೇಡಿಯೋ ಉಪಕರಣವನ್ನು ಹೊಂದುವುದಕ್ಕೆ ಅನುಮತಿ ಬೇಕೆಂಬ ತತ್ವವನ್ನು ಉಳಿಸಿಕೊಂಡಿದೆ. ಪರದೇಶದಲ್ಲಿರುವ ಮಕ್ಕಳಾಗಲಿ ನೆಂಟರಾಗಲಿ ಇಂತಹ ಯಂತ್ರವನ್ನು ಕಾಣಿಕೆಯಾಗಿ ತರುವ ಯೋಚನೆಮಾಡಿದ್ದಲ್ಲಿ, ಗ್ರಾಮದ ಮುಖಂಡರು ಈ ಸಂಗತಿಯನ್ನು ಅವರಿಗೆ ಮೊದಲೇ ತಿಳಿಸತಕ್ಕದ್ದು. ಮೇಲೆ ಹೇಳಿದ ಹವಾಮಾನದ ಪ್ರಸಾರವು ಈ ದೇಶದಲ್ಲಿ ಇಲ್ಲವಾದುದರಿಂದ ಯಂತ್ರವನ್ನು ತಂದರೂ ಆ ಪ್ರಯೋಜನವು ದೊರೆಯದು.

ಈ ಸೀಮೆಯ ರೈತರಿಗೆ ಆಕಾಶವಾಣಿಯ ಹವಾಮಾನ ವರದಿಯೂ, 2019ರಲ್ಲಿ ಆರಂಭವಾದ ಮೇಘದೂತ ಎಂಬ ಮೊಬೈಲ್ ಆ್ಯಪ್‌ನ ಬೇಸಾಯ ಸಲಹೆಗಳೂ, ಸಿಡಿಲಿನ ವಿಷಯದಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಸಿದ್ಧಪಡಿಸಿದ ದಾಮಿನಿ ಆ್ಯಪ್ ಸಹ ಆ ಕೆಲಸವನ್ನು ಮಾಡುತ್ತವೆ. ಇವುಗಳಿಗೂ ಮೇಲಿನ ಪಾಠವೇ ಅನ್ವಯಿಸುವುದು. ಸದ್ದನ್ನು ಅಡಗಿಸಿಟ್ಟ ಮೊಬೈಲು ಲಾಕ್‌ಔಟ್ ಆದ ಸ್ಥಾನಕ್ಕೆ ಸಮಾನ. ತಪ್ಪು ಊರನ್ನು ಆರಿಸಿದ ಆ್ಯಪ್ ತಪ್ಪು ಸಂಕೇತವನ್ನು ಬರೆದ ಸ್ಕ್ಯಾನರಿಗೆ ಸಮಾನ. ಮುಂಗಾರು ಹಿಡಿಯುವುದಕ್ಕೆ ಮುಂಚೆ ಪ್ರತಿ ಗ್ರಾಮದ ಮುಖಂಡರೂ ಹಿಡುವಳಿದಾರರೂ ತಮ್ಮ ಕೈಯಲ್ಲಿರುವ ಎಚ್ಚರಿಕೆಯ ಸಾಧನವನ್ನು ಒಮ್ಮೆ ಪರೀಕ್ಷಿಸಿ, ಮನೆಯವರಿಗೂ ಆಳುಗಳಿಗೂ ಅದರ ಬಳಕೆಯನ್ನು ಕಲಿಸಿಕೊಡುವುದು ಎಲ್ಲರಿಗೂ ಕ್ಷೇಮಕರವು.